ಸಾಲ ಇದೆ ಅಂದ್ರೆ ಪ್ರೊಟೆಕ್ಷನ್ ವೀಸಾ ಸಿಗುತ್ತಾ?

ಆಸ್ಟ್ರೇಲಿಯಾದಲ್ಲಿರೋ ನಮ್ಮ ಓದುಗರಿಂದ ಇತ್ತೀಚೆಗೆ ಬಂದ ಪತ್ರಗಳಲ್ಲಿ ಒಂದೇ ವಿಷ್ಯ ಮತ್ತೆ ಮತ್ತೆ ಬರ್ತಿದೆ, ಪ್ರೊಟೆಕ್ಷನ್ ವೀಸಾ, ಅಂದ್ರೆ ಸ್ವಂತ ದೇಶಕ್ಕೆ ವಾಪಸ್ ಹೋದ್ರೆ ಅಪಾಯ ಇರೋವರಿಗೆ ಆಶ್ರಯ ಕೊಡೋ ವೀಸಾ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದೀವಿ. ಹೆಸರು ಯಾರದ್ದೂ ಹಾಕಿಲ್ಲ, ಪತ್ರಗಳನ್ನ ಸ್ವಲ್ಪ ಚಿಕ್ಕದು ಮಾಡಿದೀವಿ.

ಪ್ರಶ್ನೆ: ಮೇಡಂ ನಮಸ್ತೆ. ಮೆಲ್ಬರ್ನ್‌ಗೆ ಓದೋಕೆ ಬಂದು ಮೂರು ವರ್ಷ ಆಯ್ತು. ಅಪ್ಪ ತೋಟದ ಮೇಲೆ ಸಾಲ ತೆಗೆದು ಕಳಿಸಿದ್ರು, ಎರಡು ಬೋರ್‌ವೆಲ್ ಬತ್ತಿಹೋಯ್ತು, ಈಗ ಬ್ಯಾಂಕ್‌ನಿಂದ ನೋಟಿಸ್ ಬಂದಿದೆ. ನನ್ನ ವೀಸಾ ಇನ್ನು ಐದು ವಾರಕ್ಕೆ ಮುಗಿಯುತ್ತೆ. ರೂಮ್‌ಮೇಟ್ ಪರಿಚಯ ಮಾಡಿಸಿದ ಏಜೆಂಟ್ ಒಬ್ರು ಪ್ರೊಟೆಕ್ಷನ್ ವೀಸಾ ಹಾಕು, ನಾಲ್ಕೈದು ವರ್ಷ ಆರಾಮಾಗಿ ಕೆಲಸ ಮಾಡಬಹುದು, 3,500 ಡಾಲರ್ ಕೊಟ್ರೆ ಎಲ್ಲಾ ನಾನೇ ಬರೀತೀನಿ ಅಂತಿದಾರೆ. ನಮ್ಮ ಮನೆ ಕಷ್ಟ ನಿಜವಾದ ಕಷ್ಟ, ಸುಳ್ಳೇನಲ್ಲ. ಇದಕ್ಕೆ ಆಶ್ರಯ ಕೊಡಲ್ವಾ?

ಉತ್ತರ: ತಮ್ಮಾ, ನಿಮ್ಮ ಕಷ್ಟ ನಿಜ ಅನ್ನೋದ್ರಲ್ಲಿ ನನಗೆ ಒಂಚೂರೂ ಅನುಮಾನ ಇಲ್ಲ. ಆದ್ರೆ ನೀವು ಬರೆದಿರೋ ಕಾರಣಕ್ಕೆ ಪ್ರೊಟೆಕ್ಷನ್ ವೀಸಾ ಸಿಗಲ್ಲ. ಏಜೆಂಟ್‌ಗೂ ಇದು ಗೊತ್ತಿರುತ್ತೆ, ಅವರು ನಿಮಗೆ ಮಾರ್ತಿರೋದು ವೀಸಾನೇ ಅಲ್ಲ, ಅರ್ಜಿ ಪೆಂಡಿಂಗ್ ಇರೋ ಆ ಕಾಲವನ್ನ ಮಾತ್ರ.

ಯಾಕೆ ಸಿಗಲ್ಲ ಅಂತ ಹೇಳ್ತೀನಿ ಕೇಳಿ. 1951ರ ನಿರಾಶ್ರಿತರ ಒಪ್ಪಂದ ಅಂತ ಒಂದಿದೆ, ಆಸ್ಟ್ರೇಲಿಯಾ ಅದನ್ನ 1954ರಲ್ಲೇ ಒಪ್ಪಿಕೊಂಡಿದೆ, 2014ರ ಕೊನೆಯಲ್ಲಿ ಆದ ತಿದ್ದುಪಡಿ ಮೇಲೆ ನಿರಾಶ್ರಿತ ಅಂದ್ರೆ ಯಾರು ಅನ್ನೋ ವ್ಯಾಖ್ಯಾನ ಇಲ್ಲಿನ ಮೈಗ್ರೇಶನ್ ಆಕ್ಟ್ 1958ರ ಒಳಗೇ ಬಂದಿದೆ. ಅದರ ಪ್ರಕಾರ ವಾಪಸ್ ಹೋದ್ರೆ ನಿಮಗೆ ಗಂಭೀರ ಹಾನಿ ಆಗೋ ನಿಜವಾದ ಸಾಧ್ಯತೆ ಇರಬೇಕು, ಅಷ್ಟೇ ಅಲ್ಲ, ಆ ಹಾನಿ ಐದು ಕಾರಣಗಳಲ್ಲಿ ಒಂದಕ್ಕಾಗಿ ಆಗ್ತಿರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲಾ ನೀವು ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದವರು ಅನ್ನೋದು. ಕಾನೂನು ನೀವೆಷ್ಟು ಬಡವರು ಅಂತ ಅಳೆಯೋದೇ ಇಲ್ಲ. ನಿಮ್ಮನ್ನ ಈ ಸ್ಥಿತಿಗೆ ತಳ್ಳಿದ್ದು ಯಾರು, ಯಾಕೆ ತಳ್ಳಿದ್ರು ಅಂತ ಕೇಳುತ್ತೆ.

ಒಂದು ಉದಾಹರಣೆ ಕೊಡ್ತೀನಿ, ಇದು ಮನಸ್ಸಿಗೆ ಕೂತ್ರೆ ಉಳಿದದ್ದೆಲ್ಲಾ ತಾನಾಗೇ ಅರ್ಥ ಆಗುತ್ತೆ. 1972ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ, ಅಂದ್ರೆ ಹೆಚ್ಚಾಗಿ ಭಾರತ ಮೂಲದವರಿಗೆ, 90 ದಿನದಲ್ಲಿ ದೇಶ ಬಿಟ್ಟು ಹೋಗಿ ಅಂದ. ಅವರಲ್ಲಿ ಅಂಗಡಿ, ಫ್ಯಾಕ್ಟರಿ, ಎಸ್ಟೇಟು ಇದ್ದವರೆಲ್ಲಾ ಇದ್ರು, ಬಡವರೇನಲ್ಲ. ಆದ್ರೂ ನಿರಾಶ್ರಿತರಾದ್ರು, ಯಾಕಂದ್ರೆ ಅವರ ಆಸ್ತಿ, ವ್ಯಾಪಾರ ಕಿತ್ಕೊಂಡಿದ್ದು ಅವರ ಜನಾಂಗ ನೋಡಿ. ನಿಮ್ಮ ತೋಟದ ಬೋರ್‌ವೆಲ್ ಬತ್ತಿದ್ದು ಯಾರದ್ದೋ ದ್ವೇಷದಿಂದ ಅಲ್ಲ, ಬ್ಯಾಂಕ್ ನೋಟಿಸ್ ಕೊಟ್ಟಿದ್ದು ನಿಮ್ಮ ಜಾತಿ ಧರ್ಮ ನೋಡಿ ಅಲ್ಲ, ಪಕ್ಕದ ತೋಟದವರು ಸಾಲ ಕಟ್ಟದಿದ್ರೆ ಅವರಿಗೂ ಅದೇ ನೋಟಿಸ್ ಹೋಗುತ್ತೆ. ಅದಕ್ಕೇ ಅರ್ಜಿ ನಿಲ್ಲಲ್ಲ.

ಈಗ ಆ 3,500 ಡಾಲರ್ ವಿಷ್ಯಕ್ಕೆ ಬರೋಣ. ಪ್ರೊಟೆಕ್ಷನ್ ವೀಸಾ ಸಬ್‌ಕ್ಲಾಸ್ 866 ಅರ್ಜಿಗೆ ಸರ್ಕಾರ ತಗೊಳ್ಳೋ ಫೀಸು ಬಾಕಿ ವೀಸಾಗಳ ಎದುರು ಏನೇನೂ ಅಲ್ಲ, ಯಾಕಂದ್ರೆ ಪ್ರಾಣಭಯದಿಂದ ಓಡಿಬಂದವರ ಹತ್ರ ದುಡ್ಡೆಲ್ಲಿರುತ್ತೆ. ಉಳಿದದ್ದೆಲ್ಲಾ ಏಜೆಂಟ್ ಜೇಬಿಗೆ. ಅರ್ಜಿ ಹಾಕಿದ ಮೇಲೆ ಬ್ರಿಜಿಂಗ್ ವೀಸಾ, ಅಂದ್ರೆ ತೀರ್ಮಾನ ಬರೋ ತನಕ ಇಲ್ಲಿರೋಕೆ ಬಿಡೋ ತಾತ್ಕಾಲಿಕ ವೀಸಾ ಸಿಗಬಹುದು, ಅದರಲ್ಲಿ ಕೆಲಸದ ಅನುಮತಿ ಇರಲೂಬಹುದು ಇಲ್ಲದೇನೂ ಇರಬಹುದು, ಅವರು ಗ್ಯಾರಂಟಿ ಕೊಡೋ ವಿಷ್ಯವೇ ಅಲ್ಲ. ನಾಲ್ಕೈದು ವರ್ಷ ಎಳೆಯುತ್ತೆ ಅನ್ನೋ ಮಾತೂ ಹಳೇದಾಗ್ತಿದೆ, 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಈ ವ್ಯವಸ್ಥೆ ಸರಿಮಾಡೋಕೆ ಅಂತಾನೇ 160 ಮಿಲಿಯನ್ ಡಾಲರ್ ಪ್ಯಾಕೇಜ್ ಘೋಷಿಸ್ತು, ಹಳೇ ಸಾಲು ಹಾಗೇ ಇದ್ರೂ ಹೊಸದಾಗಿ ಬಂದ ಅರ್ಜಿಗಳನ್ನ ಮೊದಲು ಎತ್ತಿಕೊಂಡು ಬೇಗ ತೀರ್ಮಾನ ಮಾಡೋದು ಅದರ ಒಂದು ಭಾಗ. ಯಾಕಂದ್ರೆ ಸುಳ್ಳು ಅರ್ಜಿ ಹಾಕಿ ಕಾಲ ತಳ್ಳೋ ದಂಧೆ ಇದೇ ನಂಬಿಕೆ ಮೇಲೆ ನಿಂತಿತ್ತು.

ರಿಜೆಕ್ಟ್ ಆದ್ಮೇಲೆ ಏನಾಗುತ್ತೆ ಅನ್ನೋದನ್ನ ನಿಮ್ಮ ಏಜೆಂಟ್ ಹೇಳಿರಲ್ಲ. ಆಕ್ಟ್‌ನ ಸೆಕ್ಷನ್ 48ಎ ಪ್ರಕಾರ ಒಂದು ಸಲ ತಿರಸ್ಕಾರ ಆದ್ರೆ ಆಸ್ಟ್ರೇಲಿಯಾದೊಳಗೆ ಇದ್ದುಕೊಂಡು ಇನ್ನೊಂದು ಪ್ರೊಟೆಕ್ಷನ್ ಅರ್ಜಿ ಹಾಕೋಕಾಗಲ್ಲ, ಸೆಕ್ಷನ್ 48 ಅಂತ ಇನ್ನೊಂದಿದೆ, ಅದು ಬೇರೆ ಹೆಚ್ಚಿನ ವೀಸಾಗಳನ್ನೂ ಇಲ್ಲಿಂದ ಹಾಕೋಕೆ ಬಿಡಲ್ಲ. ವೀಸಾ ಇಲಾಖೆಯ ತೀರ್ಮಾನವನ್ನ ಮತ್ತೆ ಪರಿಶೀಲಿಸೋ ಟ್ರಿಬ್ಯುನಲ್‌ಗೆ ಹೋಗಿ ಅಲ್ಲೂ ಸೋತ್ರೆ ಸುಮಾರು 2,000 ಡಾಲರ್ ಫೀಸು ನಿಮ್ಮ ಹೆಸರಿಗೆ ಬರುತ್ತೆ. ಆಮೇಲೆ ಇನ್ನೊಂದು ವಿಷ್ಯ, ಇದನ್ನ ಯೋಚನೆ ಮಾಡಿ: ನನಗೆ ಊರಿಗೆ ಹೋದ್ರೆ ಪ್ರಾಣಾಪಾಯ ಅಂತ ಸಹಿ ಹಾಕಿ ಕೊಟ್ಟವರು ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದ್ರೆ ಹೋಗೋದು ಹೇಗೆ? ಹೋಗಿ ಬಂದ್ರೆ ಅರ್ಜಿಗೆ ಅರ್ಥವೇ ಉಳಿಯಲ್ಲ, ಹೋಗದಿದ್ರೆ ಆ ನೋವು ಜೀವನ ಪೂರ್ತಿ ಇರುತ್ತೆ. ಇದೇ ಪರಿಸ್ಥಿತೀಲಿ ತಾಯಿಯ ಕ್ರಿಯಾಕರ್ಮವನ್ನ ವಿಡಿಯೋ ಕಾಲ್‌ನಲ್ಲಿ ನೋಡಿದ ಹುಡುಗ ಒಬ್ಬ ನನ್ನ ಎದುರಿಗೇ ಕೂತು ಅತ್ತಿದ್ದಾನೆ, ಫೋನ್ ಹಿಡಿದಿದ್ದ ಅವನ ಚಿಕ್ಕಪ್ಪನ ಕೈ ಅಲ್ಲಾಡ್ತಿತ್ತಂತೆ, ಅಮ್ಮನ ಮುಖ ಸರಿಯಾಗಿ ಕಾಣಲೇ ಇಲ್ಲ ಮೇಡಂ ಅಂತ ಅದೊಂದೇ ಮಾತು ಹೇಳ್ತಿದ್ದ.

ಐದು ವಾರ ಇದೆ ಅಂದ್ರಿ, ಅದು ಕಡಿಮೆ ಟೈಮ್ ಅಲ್ಲ. ರಿಜಿಸ್ಟರ್ಡ್ ಮೈಗ್ರೇಶನ್ ಏಜೆಂಟ್ ಇಲ್ಲಾ ವಕೀಲರ ಹತ್ರ ಒಂದು ಗಂಟೆ ಕೂತು ನಿಮ್ಮ ಕೋರ್ಸ್‌ಗೆ ಬೇರೆ ಯಾವ ವೀಸಾ ಹೊಂದುತ್ತೆ ಕೇಳಿ, ಏಜೆಂಟ್ ಆದ್ರೆ ರಿಜಿಸ್ಟ್ರೇಶನ್ ನಂಬರ್ ಇಸ್ಕೊಂಡು ಸರ್ಕಾರದ ವೆಬ್‌ಸೈಟ್‌ನಲ್ಲಿ ಚೆಕ್ ಮಾಡಿ, ರಿಜಿಸ್ಟ್ರೇಶನ್ ಇಲ್ಲದವರು ದುಡ್ಡು ತಗೊಂಡು ವೀಸಾ ಸಲಹೆ ಕೊಡೋದು ಇಲ್ಲಿ ಅಪರಾಧ. ನೀವು ಕೆಲಸ ಮಾಡೋ ಕಡೆ ಸಂಬಳ ಕಡಿಮೆ ಕೊಟ್ಟು ಮೋಸ ಮಾಡಿದ್ರೆ ಅದನ್ನೂ ಹೇಳಿ, ಕೆಲಸಗಾರರ ದೂರು ನೋಡೋ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಆಂಬುಡ್ಸ್‌ಮನ್ ಹತ್ರ ಬಾಕಿ ಸಂಬಳ ಕೇಳೋ ಹಕ್ಕು ವಿದ್ಯಾರ್ಥಿಗಳಿಗೂ ಇದೆ, 2024ರ ಜುಲೈನಲ್ಲಿ ಇಂಥವರಿಗೆ ಅಂತಾನೇ ವರ್ಕ್‌ಪ್ಲೇಸ್ ಜಸ್ಟಿಸ್ ವೀಸಾ ಅಂತ ಪ್ರಾಯೋಗಿಕವಾಗಿ ಶುರು ಮಾಡಿದ್ರು, ಅದು ನಿಮಗೆ ಅನ್ವಯಿಸುತ್ತಾ ಕೇಳಿ ನೋಡಿ. ಏನೂ ಆಗಲ್ಲ ಅಂದ್ರೆ ವೀಸಾ ಮುಗಿಯೋ ಮೊದಲೇ ಹೊರಡಿ. ಮುಗಿದ ಮೇಲೆ 28 ದಿನ ದಾಟಿ ಉಳಿದು ಆಮೇಲೆ ಹೊರಟ್ರೆ ಮುಂದಿನ 3 ವರ್ಷ ಹೆಚ್ಚಿನ ತಾತ್ಕಾಲಿಕ ವೀಸಾಗಳಿಗೆ ತಡೆ ಬೀಳುತ್ತೆ. ಬ್ಯಾಂಕ್ ಹತ್ರ ಅಪ್ಪನೇ ಹೋಗಿ ಕಂತು ಮುಂದಕ್ಕೆ ಹಾಕಿಸೋಕೆ ಲಿಖಿತವಾಗಿ ಅರ್ಜಿ ಕೊಡಲಿ, ನೋಟಿಸ್‌ಗೆ ಉತ್ತರ ಕೊಡದೆ ಸುಮ್ನೆ ಕೂರೋದು ಮಾತ್ರ ಬೇಡ.

ಪ್ರಶ್ನೆ: ಸಿಡ್ನಿಯಲ್ಲಿ ನರ್ಸ್ ಆಗಿದೀನಿ. ಬಡತನಕ್ಕೆ ನಿರಾಶ್ರಿತರ ವೀಸಾ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಆಕ್ಟ್‌ನಲ್ಲೇ ಆರ್ಥಿಕ ಸಂಕಷ್ಟ ಅನ್ನೋ ಪದ ಇದೆ ಅಂತ ನನ್ನ ಜೊತೆ ಕೆಲಸ ಮಾಡೋ ಇರಾನಿ ಗೆಳತಿ ತೋರಿಸಿದ್ಳು. ಯಾವುದು ಸರಿ?

ಉತ್ತರ: ಇಬ್ರೂ ಸರಿ, ನಿಮ್ಮ ಗೆಳತಿ ಒಳ್ಳೇ ಕಡೆ ಬೆರಳಿಟ್ಟಿದಾರೆ. ಆಕ್ಟ್‌ನ ಸೆಕ್ಷನ್ 5ಜೆ(5)ರಲ್ಲಿ ಗಂಭೀರ ಹಾನಿಗೆ ಆರು ಉದಾಹರಣೆ ಕೊಟ್ಟಿದಾರೆ. ಮೊದಲ ಮೂರು ಪ್ರಾಣ, ಸ್ವಾತಂತ್ರ್ಯ, ದೈಹಿಕ ಹಿಂಸೆಗೆ ಸಂಬಂಧಪಟ್ಟಿದ್ದು. ಉಳಿದ ಮೂರು ಪೂರ್ತಿ ಹೊಟ್ಟೆಪಾಡಿಗೆ ಸಂಬಂಧಪಟ್ಟಿದ್ದು: ದೊಡ್ಡ ಮಟ್ಟದ ಆರ್ಥಿಕ ಸಂಕಷ್ಟ, ಮೂಲ ಸೌಲಭ್ಯಗಳನ್ನ ಕೊಡದೇ ಇರೋದು, ಯಾವುದೇ ರೀತಿ ದುಡಿದು ತಿನ್ನೋಕೆ ಬಿಡದೇ ಇರೋದು. ಆದ್ರೆ ಮೂರಕ್ಕೂ ಒಂದೇ ಷರತ್ತು ಅಂಟಿದೆ, ಅದರಿಂದ ಮನುಷ್ಯ ಬದುಕಿ ಉಳಿಯೋದೇ ಅನುಮಾನ ಅನ್ನೋ ಹಾಗಿರಬೇಕು. ಪ್ರಮೋಶನ್ ತಪ್ಪಿಸಿದ್ರು, ಓದಿದ್ದಕ್ಕೆ ತಕ್ಕ ಕೆಲಸ ಕೊಡಲಿಲ್ಲ ಅನ್ನೋದು ಅನ್ಯಾಯವೇ, ಆದ್ರೆ ಆ ಮಟ್ಟಕ್ಕೆ ಹೋಗಲ್ಲ. ಎಲ್ಲೂ ಕೂಲಿ ಕೂಡ ಸಿಗದ ಹಾಗೆ ಮಾಡಿದ್ರೆ ಹೋಗುತ್ತೆ. ಇದರ ಜೊತೆಗೆ ನಾನು ಮೇಲೆ ಹೇಳಿದ ಐದು ಕಾರಣದಲ್ಲಿ ಒಂದು ಮುಖ್ಯ ಕಾರಣವಾಗಿ ಇರಲೇಬೇಕು, ಆ ನಡವಳಿಕೆ ವ್ಯವಸ್ಥಿತವಾಗಿ, ತಾರತಮ್ಯದಿಂದ ಕೂಡಿರಬೇಕು.

ಇದನ್ನ ತೋರಿಸೋ ಒಂದು ಕೇಸ್ ಇದೆ, ನನಗಂತೂ ಪ್ರತಿ ಸಲ ಓದಿದಾಗ್ಲೂ ಕರುಳು ಚುರ್ ಅನ್ನುತ್ತೆ. 1996ರಲ್ಲಿ ಆಸ್ಟ್ರೇಲಿಯಾದ ಡಿಟೆನ್ಶನ್ ಸೆಂಟರ್‌ನಲ್ಲಿದ್ದ ಚೀನಾದ ದಂಪತಿಗೆ ಒಂದು ಗಂಡು ಮಗು ಹುಟ್ಟಿತು. ಚೀನಾದ ಕುಟುಂಬ ಯೋಜನೆ ನಿಯಮ ಮೀರಿ ಹುಟ್ಟಿದ ಮಕ್ಕಳಿಗೆ ಅಲ್ಲಿ ಕಪ್ಪು ಮಕ್ಕಳು ಅಂತ ಹೆಸರು, ಈ ಮಗುವನ್ನ ವಾಪಸ್ ಕಳಿಸಿದ್ರೆ ಓದು, ಒಂದು ಮಟ್ಟದಿಂದ ಮೇಲಿನ ಆಸ್ಪತ್ರೆ ಸೌಲಭ್ಯ, ಊಟ, ಸೂರು ಇದಕ್ಕೆಲ್ಲಾ ಕಲ್ಲು ಬೀಳೋ ಸಾಧ್ಯತೆ ಇತ್ತು. ಅಧಿಕಾರಿಗಳಿಗೆ ಈ ಮಗು ಮೇಲೆ ದ್ವೇಷ ಏನಿಲ್ಲ, ಎಲ್ಲರಿಗೂ ಇರೋ ಒಂದು ಕಾನೂನನ್ನ ಜಾರಿ ಮಾಡ್ತಿದಾರೆ ಅಷ್ಟೇ ಅನ್ನೋ ವಾದ ಬಂತು. 2000ದಲ್ಲಿ ಹೈಕೋರ್ಟ್, ಅಂದ್ರೆ ಆ ದೇಶದ ಅತ್ಯುನ್ನತ ಕೋರ್ಟು, ಅದನ್ನ ಒಪ್ಪಲಿಲ್ಲ. ಊಟ, ಸೂರು, ಔಷಧ, ಮಕ್ಕಳ ವಿಷ್ಯದಲ್ಲಿ ಓದೋ ಅವಕಾಶ, ಇವನ್ನ ತಡೆಹಿಡಿಯೋದು ನಾಗರಿಕ ಸಮಾಜದ ರೀತಿನೀತಿಯಿಂದ ಎಷ್ಟು ದೂರ ಅಂದ್ರೆ ಅದು ಸಾಮಾನ್ಯವಾಗಿ ದೌರ್ಜನ್ಯವೇ ಅನ್ನೋ ಅರ್ಥದಲ್ಲಿ ತೀರ್ಪು ಬರೀತು, ದ್ವೇಷ ಇರಲೇಬೇಕು ಅಂತೇನಿಲ್ಲ ಅಂತಾನೂ ಹೇಳ್ತು. ಚೆನ್ ಷಿ ಹಾಯ್ ಕೇಸ್ ಅಂತ ಹೆಸರು. ಆಗ ಆ ಮಗುಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.

ನೋಡಿ, ಈ ಮಗುವಿಗೆ ಯಾರೂ ಹೊಡೀತೀವಿ ಅಂದಿರಲಿಲ್ಲ, ಜೈಲಿಗೆ ಹಾಕ್ತೀವಿ ಅಂದಿರಲಿಲ್ಲ. ಶಾಲೆ ಬಾಗಿಲು, ಆಸ್ಪತ್ರೆ ಬಾಗಿಲು ಮುಚ್ಚೋದಷ್ಟೇ. ಅದೇ ಚೀನಾದಲ್ಲಿ ದುಡ್ಡಿಲ್ಲದೆ ಶಾಲೆ ಬಿಟ್ಟ ಇನ್ನೊಂದು ಮಗು ಇದ್ದಿದ್ರೆ ಅದು ನಿರಾಶ್ರಿತ ಅಲ್ಲ. ಇಬ್ಬರ ಹೊಟ್ಟೆಗೂ ಹಸಿವು ಒಂದೇ, ಕಾನೂನಿಗೆ ಮಾತ್ರ ಬೇರೆ ಬೇರೆ. ಇದು ಕಠಿಣ ಅನ್ನಿಸುತ್ತೆ, ನನಗೂ ಅನ್ನಿಸುತ್ತೆ, ಆದ್ರೆ ಈ ಗೆರೆ ಇರೋದ್ರಿಂದಾನೇ ಆ ಮಗು ಪರ ತೀರ್ಪು ಬಂತು ಅನ್ನೋದೂ ನಿಜ.

ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿಯ ಕೈಪಿಡೀಲೂ 1979ರಿಂದಲೇ ಈ ಮಾತಿದೆ, ಆರ್ಥಿಕ ವಲಸಿಗ ಯಾರು ನಿರಾಶ್ರಿತ ಯಾರು ಅನ್ನೋ ಗೆರೆ ಕೆಲವು ಸಲ ಮಸುಕಾಗುತ್ತೆ, ಒಂದು ಜನಾಂಗದವರ ವ್ಯಾಪಾರದ ಹಕ್ಕನ್ನೇ ಕಿತ್ಕೊಂಡ್ರೆ ಇಲ್ಲಾ ಅವರ ಮೇಲೆ ಮಾತ್ರ ವಿಪರೀತ ತೆರಿಗೆ ಹಾಕಿದ್ರೆ ಅವರು ನಿರಾಶ್ರಿತರಾಗಬಹುದು ಅಂತ. ಮ್ಯಾನ್ಮಾರ್‌ನ ರೋಹಿಂಗ್ಯಾಗಳನ್ನ ನೋಡಿ, 1982ರ ಪೌರತ್ವ ಕಾನೂನು ಅವರನ್ನ ಹೊರಗಿಟ್ಟಿತು, ಪಕ್ಕದ ಊರಿಗೆ ಹೋಗೋಕೂ ಅನುಮತಿ ಬೇಕು, ಹಾಗಿರುವಾಗ ಸಂತೆಗೆ ಹೋಗೋದು ಹೇಗೆ, ಕೂಲಿಗೆ ಹೋಗೋದು ಹೇಗೆ. ಅವರ ಬಡತನ ಆಕಾಶದಿಂದ ಬಿದ್ದಿದ್ದಲ್ಲ.

ಪ್ರಶ್ನೆ: ಊರಲ್ಲಿ ಮೀಟರ್ ಬಡ್ಡಿಯವರ ಹತ್ರ ಅಣ್ಣ ಸಾಲ ಮಾಡಿದ್ದ. ಈಗ ಅವರು ಮನೆಗೆ ಬಂದು ನಿನ್ನ ತಮ್ಮ ಆಸ್ಟ್ರೇಲಿಯಾದಿಂದ ಬರಲಿ ಕೈಕಾಲು ಮುರೀತೀವಿ ಅಂತಿದಾರೆ. ಇದು ಪ್ರಾಣಭಯ ಅಲ್ವಾ ಮೇಡಂ? (ಪರ್ತ್)

ಉತ್ತರ: ಪ್ರಾಣಭಯವೇ. ಆದ್ರೆ ಅವರು ನಿಮ್ಮ ಹಿಂದೆ ಬಿದ್ದಿರೋದು ದುಡ್ಡಿಗೆ, ಐದು ಕಾರಣಗಳಲ್ಲಿ ದುಡ್ಡು ಬರಲ್ಲ, ಹಾಗಾಗಿ ನಿರಾಶ್ರಿತ ಅನ್ನೋ ವ್ಯಾಖ್ಯಾನಕ್ಕೆ ಹೊಂದಿಸೋದು ತುಂಬಾ ಕಷ್ಟ. 2012ರ ಮಾರ್ಚ್‌ನಿಂದ ಪೂರಕ ರಕ್ಷಣೆ ಅಂತ ಎರಡನೇ ದಾರಿ ಒಂದು ಬಂದಿದೆ, ಅದಕ್ಕೆ ಐದು ಕಾರಣ ಬೇಡ, ಕೊಲೆ, ಚಿತ್ರಹಿಂಸೆ, ಕ್ರೂರ ಅಥವಾ ಅವಮಾನಕರ ನಡವಳಿಕೆಯ ನಿಜವಾದ ಅಪಾಯ ಇದ್ರೆ ಸಾಕು. ನಿಮ್ಮಂಥವರು ಈ ದಾರಿಲೇ ಹೋಗಬೇಕು. ಆದ್ರೆ ಅಲ್ಲೂ ಎರಡು ಪ್ರಶ್ನೆ ಕೇಳೇ ಕೇಳ್ತಾರೆ: ಪೊಲೀಸರ ಹತ್ರ ಹೋದ್ರಾ, ಬೇರೆ ಊರಲ್ಲಿ ಹೋಗಿ ಇರೋಕಾಗಲ್ವಾ. ಅಷ್ಟು ದೊಡ್ಡ ದೇಶದಲ್ಲಿ ಬೇರೆ ರಾಜ್ಯಕ್ಕೆ ಹೋದ್ರೂ ಇವರು ಹುಡುಕ್ಕೊಂಡು ಬರ್ತಾರೆ ಅಂತ ತೋರಿಸೋಕೆ ಆಗದಿದ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ. ಅಣ್ಣನಿಗೆ ಹೇಳಿ ಮೊದಲು ಪೊಲೀಸ್ ಕಂಪ್ಲೇಂಟ್ ಕೊಡಿಸಿ, ಬಂದ ಬೆದರಿಕೆ ಕರೆಗಳನ್ನ ರೆಕಾರ್ಡ್ ಮಾಡಿಡಲಿ, ತಾರೀಖು ಬರೆದಿಡಲಿ. ಇದು ವೀಸಾಗೋಸ್ಕರ ಹೇಳ್ತಿರೋದಲ್ಲ, ನಿಮ್ಮ ಮನೆಯವರು ಅಲ್ಲೇ ಇದಾರಲ್ಲ, ಅವರ ರಕ್ಷಣೆಗೆ.

ಪ್ರಶ್ನೆ: ಬೇರೆ ಜಾತಿಯವರನ್ನ ಮದುವೆ ಆಗಿದ್ದಕ್ಕೆ ಊರಲ್ಲಿ ನಮಗೆ ಬಹಿಷ್ಕಾರ ಹಾಕಿದ್ರು. ಅಂಗಡಿಯವರು ಸಾಮಾನು ಕೊಡಲ್ಲ, ಯಾರೂ ಕೆಲಸಕ್ಕೆ ಕರೆಯಲ್ಲ, ನಲ್ಲಿ ನೀರು ಹಿಡಿಯೋಕೂ ಬಿಡಲಿಲ್ಲ. ಈಗ ವಿಸಿಟರ್ ವೀಸಾದಲ್ಲಿ ಅಡಿಲೇಡ್‌ನಲ್ಲಿ ಅಕ್ಕನ ಮನೇಲಿದೀವಿ. ನಮ್ಮದೂ ಬರೀ ಆರ್ಥಿಕ ಕಷ್ಟ ಅಂತಾರಾ?

ಉತ್ತರ: ಇಲ್ಲಮ್ಮಾ, ನಿಮ್ಮದು ಮೊದಲ ಪತ್ರದ ಹುಡುಗನ ಥರ ಅಲ್ಲ. ನಿಮ್ಮ ಹೊಟ್ಟೆ ಮೇಲೆ ಹೊಡೆದವರು ಇದಾರೆ, ಯಾಕೆ ಹೊಡೆದ್ರು ಅನ್ನೋದಕ್ಕೆ ಕಾರಣ ಇದೆ, ಜಾತಿ ಮೀರಿ ಮದುವೆ ಆದವರು ನಿರ್ದಿಷ್ಟ ಸಾಮಾಜಿಕ ಗುಂಪು ಅಂತ ವಾದ ಮಾಡೋಕೆ ಜಾಗ ಇದೆ. ನೀರು, ಕೆಲಸ, ರೇಷನ್ ಮೂರನ್ನೂ ತಡೆದಿದ್ದು ಆಕ್ಟ್‌ನ ಆ ಮೂರು ಉದಾಹರಣೆಗಳ ಹತ್ತಿರಕ್ಕೇ ಬರುತ್ತೆ.

ಆದ್ರೆ ಸುಳ್ಳು ಭರವಸೆ ಕೊಡಲ್ಲ. ಅಪಾಯ ದೇಶದ ಎಲ್ಲಾ ಭಾಗದಲ್ಲೂ ಇರಬೇಕು ಅಂತ ಕಾನೂನಿನಲ್ಲಿದೆ. ಬೆಂಗಳೂರಿಗೋ ಪುಣೆಗೋ ಹೋಗಿದ್ರೆ ಬಹಿಷ್ಕಾರ ಅಲ್ಲಿಗೆ ಬರ್ತಿತ್ತಾ? ಮನೆಯವರು ಹುಡುಕ್ತಿದಾರಾ, ಹಿಂದೆ ಊರು ಬಿಟ್ಟಾಗ ಹಿಂಬಾಲಿಸಿ ಬಂದಿದ್ರಾ, ಅವರಿಗೆ ರಾಜಕೀಯ ಬಲ ಇದ್ಯಾ, ಪೊಲೀಸರು ಏನು ಮಾಡಿದ್ರು? ನಿಮ್ಮ ಅರ್ಜಿಯ ಜೀವ ಇರೋದು ಈ ಪ್ರಶ್ನೆಗಳಲ್ಲಿ. ಬರೀ ಹೊಸ ಊರಲ್ಲಿ ಕೆಲಸ ಸಿಗೋದು ಕಷ್ಟ, ಬಾಡಿಗೆ ಜಾಸ್ತಿ ಅಂತ ಹೇಳಿದ್ರೆ ಅದು ಮತ್ತೆ ಆರ್ಥಿಕ ಕಷ್ಟದ ಸಾಲಿಗೇ ಹೋಗುತ್ತೆ. ನಿಜವಾದ ಸಾಧ್ಯತೆ ಅಂದ್ರೆ ನೂರಕ್ಕೆ ಐವತ್ತಕ್ಕಿಂತ ಜಾಸ್ತಿ ಇರಬೇಕು ಅಂತೇನಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಇದ್ರೂ ಸಾಕು ಅಂತ 1989ರಿಂದಲೇ ಇಲ್ಲಿನ ಕೋರ್ಟು ಹೇಳಿದೆ, ಸುಮ್ನೆ ಊಹೆ ಆಗಿರಬಾರದು ಅಷ್ಟೇ.

ನಿಮಗೆ ನನ್ನ ಸಲಹೆ, ಯಾವ ಏಜೆಂಟ್‌ಗೂ ಮೊದಲು ದುಡ್ಡು ಕೊಡಬೇಡಿ. ಆಶ್ರಯ ಕೇಳೋರಿಗೆ ಕಾನೂನು ನೆರವು ಕೊಡೋ ಸಂಸ್ಥೆಗಳಿವೆ, ಅಸೈಲಂ ಸೀಕರ್ ರಿಸೋರ್ಸ್ ಸೆಂಟರ್ ಮತ್ತೆ ರೆಫ್ಯೂಜಿ ಲೀಗಲ್ ಅಂತ ಮೆಲ್ಬರ್ನ್‌ನಲ್ಲಿವೆ, ಸಿಡ್ನಿಯಲ್ಲಿ ರಾಕ್ಸ್ (RACS) ಇದೆ, ಅಡಿಲೇಡ್‌ನಲ್ಲಿ ಯಾರ ಹತ್ರ ಹೋಗಬೇಕು ಅಂತ ಅವರಿಗೇ ಕೇಳಿ, ಫೋನ್ ಮಾಡೋಕೆ ಹಿಂಜರೀಬೇಡಿ. ಸಾಕ್ಷ್ಯ ಕೊಡೋ ಜವಾಬ್ದಾರಿ ಅರ್ಜಿದಾರರದ್ದೇ ಅಂತ ಆಕ್ಟ್ ಸ್ಪಷ್ಟವಾಗಿ ಹೇಳುತ್ತೆ, ಹಾಗಾಗಿ ಇವತ್ತೇ ಕೂತು ನಡೆದದ್ದನ್ನೆಲ್ಲಾ ಬರೆದಿಡಿ. ಯಾವ ದಿನ ನಲ್ಲಿ ಹತ್ರ ಯಾರು ಬಂದು ಬಿಂದಿಗೆ ಎತ್ತಿಟ್ರು, ಯಾವ ಅಂಗಡಿಯವನು ಏನಂದ, ಆಮೇಲೆ ಎಷ್ಟು ದೂರ ಹೋಗಿ ಅಕ್ಕಿ ತಂದ್ರಿ, ಈ ಥರ. ಇಂಥ ಸಣ್ಣ ವಿವರವನ್ನ ಕಟ್ಟಿ ಹೇಳೋದು ಸುಲಭ ಅಲ್ಲ, ಅನುಭವಿಸಿದವರಿಗೆ ಮಾತ್ರ ಗೊತ್ತಿರುತ್ತೆ, ಇಂಟರ್‌ವ್ಯೂ ಮಾಡೋರಿಗೂ ಅದು ಗೊತ್ತಾಗುತ್ತೆ.

ಪ್ರಶ್ನೆ: ಬರಗಾಲ, ಸಮುದ್ರ ನೀರು ನುಗ್ಗಿ ಜಮೀನು ಹೋದವರಿಗೆ ನಿರಾಶ್ರಿತರ ವೀಸಾ ಇದ್ಯಾ? ಸುಮ್ನೆ ತಿಳ್ಕೊಳ್ಳೋಕೆ ಕೇಳಿದೆ.

ಉತ್ತರ: ಈ ಕಾನೂನಿನ ಕೆಳಗೆ ಇಲ್ಲ, ಇಡೀ ಜನಕ್ಕೆ ಬಂದ ಅಪಾಯಕ್ಕೆ ಪೂರಕ ರಕ್ಷಣೆಯೂ ಅನ್ವಯಿಸಲ್ಲ. ಟುವಾಲು ಅನ್ನೋ ಪುಟ್ಟ ದ್ವೀಪ ದೇಶದವರಿಗೆ ಆಸ್ಟ್ರೇಲಿಯಾ ಬೇರೇನೇ ದಾರಿ ಮಾಡಿದೆ, ಫಲೆಪಿಲಿ ಒಪ್ಪಂದ ಅಂತ, 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ವರ್ಷಕ್ಕೆ 280 ಜನ ಬರಬಹುದು. ಅವರು ನಿರಾಶ್ರಿತರಾಗಿ ಬರಲ್ಲ, ನಿವಾಸಿಗಳಾಗಿ ಬರ್ತಾರೆ.

ಪ್ರಶ್ನೆ: ನಾನು ಈಗಾಗ್ಲೇ ಸಹಿ ಹಾಕಿಬಿಟ್ಟಿದೀನಿ ಮೇಡಂ. ಎಂಟು ತಿಂಗಳಾಯ್ತು. ಅರ್ಜೀಲಿ ಏನು ಬರೆದಿದಾರೆ ಅಂತಾನೇ ಗೊತ್ತಿಲ್ಲ, ಖಾಲಿ ಪೇಪರ್ ಮೇಲೆ ಸಹಿ ತಗೊಂಡ್ರು. ಈಗ ಇಂಟರ್‌ವ್ಯೂಗೆ ಕರೆದಿದಾರೆ. ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ಮೊದಲು ಧೈರ್ಯ ತಗೊಳ್ಳಿ, ಸರಿಮಾಡೋಕೆ ಇನ್ನೂ ಅವಕಾಶ ಇದೆ, ತೀರ್ಮಾನ ಬಂದಿಲ್ಲ ಅನ್ನೋದೇ ದೊಡ್ಡ ವಿಷ್ಯ.

ಅರ್ಜಿಯ ಪ್ರತಿ ತರಿಸ್ಕೊಳ್ಳಿ. ಏಜೆಂಟ್ ಹತ್ರ ಲಾಗಿನ್ ಕೇಳಿ, ಕೊಡದಿದ್ರೆ ಇಲಾಖೆಗೇ ಬರೆದು ನನ್ನ ಫೈಲ್ ಬೇಕು ಅಂತ ಕೇಳಬಹುದು, ಅರ್ಜೀಲಿರೋ ಇಮೇಲ್ ವಿಳಾಸ ಏಜೆಂಟ್‌ದಾಗಿದ್ರೆ ಇವತ್ತೇ ನಿಮ್ಮದಕ್ಕೆ ಬದಲಾಯಿಸಿ, ಎಷ್ಟೋ ಜನಕ್ಕೆ ರಿಜೆಕ್ಟ್ ಆದ ಪತ್ರ ಬಂದಿರೋದೇ ಗೊತ್ತಾಗಲ್ಲ, ಟ್ರಿಬ್ಯುನಲ್‌ಗೆ ಹೋಗೋಕೆ ಇರೋದು 28 ದಿನ ಮಾತ್ರ, ಅದು ಕಳೆದ್ರೆ ಮುಗೀತು. ನಾನೊಂದು ಸಲ ಹೀಗೇ ತರಿಸಿದ ಸ್ಟೇಟ್‌ಮೆಂಟ್ ಓದಿದ್ದೆ, ಹುಡುಗ ಹಾಸನದ ಕಡೆಯವನು, ಅದರಲ್ಲಿ ಅವನ ಊರು ಪಂಜಾಬ್‌ನಲ್ಲಿದೆ ಅಂತಿತ್ತು, ಅವನು ಯಾವತ್ತೂ ಸೇರದ ಪಕ್ಷದ ಕಾರ್ಯಕರ್ತ ಅಂತಿತ್ತು, ಮೂರನೇ ಪುಟದಲ್ಲಿ ಬೇರೆ ಯಾರದ್ದೋ ಹೆಸರು ಅಳಿಸೋದನ್ನೇ ಮರೆತಿದ್ರು. ಆ ಮೂರನೇ ಪುಟ ಓದ್ತಾ ಅವನ ಮುಖ ಬಿಳಿಚಿಕೊಂಡಿದ್ದು ನನಗಿನ್ನೂ ಕಣ್ಣಮುಂದಿದೆ.

ಓದಿದ ಮೇಲೆ ಸುಳ್ಳಿದ್ರೆ, ತಪ್ಪು ಉತ್ತರ ಇದೆ ಅಂತ ಗೊತ್ತಾದ ತಕ್ಷಣ ಇಲಾಖೆಗೆ ತಿಳಿಸಲೇಬೇಕು ಅಂತ ಸೆಕ್ಷನ್ 105 ಹೇಳುತ್ತೆ, ಅದಕ್ಕೆ ಫಾರಂ 1023 ಇದೆ. ಇಂಟರ್‌ವ್ಯೂಲಿ ಆ ಸುಳ್ಳನ್ನ ಬಾಯಿಪಾಠ ಮಾಡಿ ಒಪ್ಪಿಸೋಕೆ ಹೋಗಬೇಡಿ, ದಯವಿಟ್ಟು. ನಿಮಗೆ ನಿಜವಾಗ್ಲೂ ಭಯ ಇದ್ರೆ ಆ ನಿಜವನ್ನ ಹೇಳಿ. ಭಯ ಏನಿಲ್ಲ, ದುಡಿಮೆಗೋಸ್ಕರ ಅಷ್ಟೇ ಹಾಕಿದ್ದು ಅಂದ್ರೆ ತೀರ್ಮಾನ ಬರೋ ಮುಂಚೆ ಅರ್ಜಿ ವಾಪಸ್ ತಗೊಳ್ಳಬಹುದು, ಆಗ 48ಎ ಅಡ್ಡ ಬರಲ್ಲ, ಆ ಅರ್ಜಿ ಮೇಲೆ ಸಿಕ್ಕಿದ ಬ್ರಿಜಿಂಗ್ ವೀಸಾ ಸಾಮಾನ್ಯವಾಗಿ 35 ದಿನ ಇರುತ್ತೆ, ಅಷ್ಟರಲ್ಲಿ ಹೊರಡೋ ಏರ್ಪಾಡು ಮಾಡ್ಕೋಬೇಕು. ಆದ್ರೆ ಯಾವ ಕಾಗದಕ್ಕೂ ಸಹಿ ಹಾಕೋ ಮೊದಲು ವಕೀಲರಿಗೆ ತೋರಿಸಿ, ಒಂದು ಸಲ ಓದದೆ ಸಹಿ ಹಾಕಿ ಅನುಭವಿಸಿದೀರ.

ಪ್ರಶ್ನೆ: ನಮ್ಮ ಅರ್ಜಿ ನಿಜವಾದ ಅರ್ಜಿ, ಮತಾಂತರದ ವಿಚಾರವಾಗಿ ಹಲ್ಲೆ ಆಗಿದೆ, ಆಸ್ಪತ್ರೆ ಚೀಟಿ ಇದೆ. ಆದ್ರೆ ಅಂಗಡಿ ಸುಟ್ಟ ಮೇಲೆ ಸಾಲಾನೂ ಆಯ್ತು, ಇಲ್ಲಿ ದುಡಿದು ಮನೆಗೆ ಕಳಿಸ್ತಿದೀವಿ. ಇಂಟರ್‌ವ್ಯೂಲಿ ದುಡ್ಡಿನ ಮಾತೆತ್ತಿದ್ರೆ ಆರ್ಥಿಕ ವಲಸಿಗ ಅಂತ ಹಣೆಪಟ್ಟಿ ಕಟ್ತಾರೆ, ಬಾಯಿ ಬಿಡಬೇಡ ಅಂತ ನಮ್ಮೆಜಮಾನ್ರು ಹೇಳ್ತಾರೆ.

ಉತ್ತರ: ನಿಮ್ಮೆಜಮಾನ್ರ ಭಯ ಅರ್ಥ ಆಗುತ್ತೆ, ಆದ್ರೆ ಮುಚ್ಚಿಡಬೇಡಿ. ಐದು ಕಾರಣಗಳಲ್ಲಿ ಒಂದು ಹಾನಿಗೆ ಮುಖ್ಯ ಕಾರಣ ಆಗಿರಬೇಕು ಅಂತ ಕಾನೂನು ಕೇಳುತ್ತೆ, ಮನುಷ್ಯನಿಗೆ ಬೇರೆ ಯಾವ ಚಿಂತೆಯೂ ಇರಬಾರದು ಅಂತ ಕೇಳಲ್ಲ. ಓಡಿಬಂದವರೂ ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸ್ ಕಟ್ಟಬೇಕು, ಊರಲ್ಲಿ ಉಳಿದವರನ್ನ ಸಾಕಬೇಕು. ಅಂಗಡಿ ಸುಟ್ಟಿದ್ದು ಯಾರು, ಯಾಕೆ ಅನ್ನೋದು ನಿಮ್ಮ ಕಥೆಯ ಒಳಗಿನ ಭಾಗವೇ, ಅದನ್ನ ಬಿಟ್ಟು ಹಲ್ಲೆ ಒಂದನ್ನೇ ಹೇಳಿದ್ರೆ ನಿಮ್ಮ ಅರ್ಜಿಯ ಅರ್ಧ ಬಲವನ್ನ ನೀವೇ ಕೆಳಗಿಟ್ಟ ಹಾಗಾಗುತ್ತೆ. ಬ್ಯಾಂಕ್‌ನಲ್ಲಿ ದುಡ್ಡು ಕಳಿಸಿದ ದಾಖಲೆ ಹೇಗೂ ಇದೆ, ಕೇಳಿದಾಗ ತಡವರಿಸಿದ್ರೆ ಹೇಳಿದ ನಿಜವೂ ಸುಳ್ಳಿನ ಥರ ಕೇಳುತ್ತೆ. ಇಂದು ಹೇಳದ್ದನ್ನ ನಾಳೆ ಟ್ರಿಬ್ಯುನಲ್‌ನಲ್ಲಿ ಮೊದಲನೇ ಸಲ ಹೇಳಿದ್ರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಅನುಮಾನದಿಂದ ನೋಡೋಕೂ ಕಾನೂನಿನಲ್ಲೇ ಅವಕಾಶ ಇದೆ.

ಇಂಗ್ಲಿಷ್‌ನಲ್ಲಿ ಹೇಳೋಕೆ ಕಷ್ಟ ಆಗುತ್ತೆ ಅಂತ ಪತ್ರದ ಕೊನೇಲಿ ಬರೆದಿದೀರ. ಕನ್ನಡದ ಇಂಟರ್‌ಪ್ರಿಟರ್ ಬೇಕು ಅಂತ ಇಂಟರ್‌ವ್ಯೂಗೆ ಮುಂಚೆನೇ ಬರೆದು ತಿಳಿಸಿ, ಇಲಾಖೆಯವರೇ ಏರ್ಪಾಡು ಮಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಬಂದವರ ಮಾತು ನಿಮಗೆ ಸರಿಯಾಗಿ ಅರ್ಥ ಆಗ್ತಿಲ್ಲ ಅನ್ನಿಸಿದ್ರೆ ಸಂಕೋಚ ಪಡದೆ ಅಲ್ಲೇ ಹೇಳಿ, ಆ ಮಾತು ರೆಕಾರ್ಡ್ ಆಗಲಿ. ಆಸ್ಪತ್ರೆ ಚೀಟಿ ಒರಿಜಿನಲ್ ತಗೊಂಡು ಹೋಗಿ, ಅನುವಾದವೂ ಜೊತೆಗಿರಲಿ.